ಮೂರು ಸಲ ಒತ್ತಿ, ಮೂರನ್ನೂ ಬರೆಯಿರಿ

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಿಗೆ ಬಿಪಿ ಮಿಷನ್ ಹೊಸತೇನಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ತಂದುಕೊಟ್ಟದ್ದು ಟಿವಿಯ ಪಕ್ಕದಲ್ಲಿ ಇರುತ್ತದೆ. ರಾತ್ರಿ ಫೋನಿನಲ್ಲಿ ವಿಚಾರಣೆ ನಡೆಯುತ್ತದೆ. “ಅಪ್ಪ, ಇವತ್ತು ಎಷ್ಟು ಬಂತು?” “158.” “ಅಷ್ಟು ಇರ್ಲಿಕ್ಕಿಲ್ಲ, ಇನ್ನೊಮ್ಮೆ ನೋಡಿ.” “ಈಗ 131.” “ಹಾಂ, ಸರಿ ಉಂಟು.” ಪುಸ್ತಕದಲ್ಲಿ 131 ಬರೆದಾಗುತ್ತದೆ. 158 ಡಾಕ್ಟರ ಕಣ್ಣಿಗೆ ಬೀಳುವುದೇ ಇಲ್ಲ.

ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ಇರುವ ಹಿರಿಯರ ವಿಷಯದಲ್ಲಿ ಈ ಅಭ್ಯಾಸ ಅಪಾಯದ್ದು. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಾಗಿ ಕುಗ್ಗುವ ಬದಲು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅದುರತೊಡಗುತ್ತವೆ. ಆ ಸಂಕೇತಗಳಲ್ಲಿ ಕೆಲವು ಮಾತ್ರ, ಅದೂ ಕ್ರಮವಿಲ್ಲದೆ, ಕೆಳಗಿನ ಕೋಣೆಗಳಿಗೆ ಇಳಿಯುತ್ತವೆ. ಎರಡು ಬಡಿತಗಳ ನಡುವೆ ಸಮಯ ಸಿಕ್ಕಿದರೆ ಕೆಳಗಿನ ಕೋಣೆ ತುಂಬಿ, ಮುಂದಿನ ಬಡಿತ ಜೋರಾಗುತ್ತದೆ. ಸಮಯ ಸಿಗದಿದ್ದರೆ ಅರ್ಧ ತುಂಬಿದ್ದನ್ನೇ ತಳ್ಳಬೇಕು. ಬೇಸಿಗೆಯಲ್ಲಿ ಕೆರೆಗೆ ಒರತೆ ಬರುವ ಮೊದಲೇ ಪಂಪು ಹಾಕಿದರೆ ಸ್ಪ್ರಿಂಕ್ಲರಿನ ನೀರು ಹೇಗೆ ಒಮ್ಮೆ ದೂರ, ಒಮ್ಮೆ ಹತ್ತಿರ ಬೀಳುತ್ತದೋ ಹಾಗೆ. ಅಂದರೆ ಇವರ ರಕ್ತದೊತ್ತಡ ಬಡಿತದಿಂದ ಬಡಿತಕ್ಕೆ ನಿಜವಾಗಿಯೇ ಬದಲಾಗುತ್ತಿರುತ್ತದೆ. 158 ಕೂಡ ಸುಳ್ಳಲ್ಲ, 131 ಕೂಡ ಸುಳ್ಳಲ್ಲ. ಒಳ್ಳೆಯ ಸಂಖ್ಯೆ ಬರುವವರೆಗೆ ಗುಂಡಿ ಒತ್ತಿದರೆ ಇಂಥವರಲ್ಲಿ ಅದು ಬಂದೇ ಬರುತ್ತದೆ!

ಮಿಷನ್ ಅಳೆಯುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ತೋಳಿನ ಪಟ್ಟಿ ಗಾಳಿ ತುಂಬಿ ರಕ್ತನಾಳವನ್ನು ಒತ್ತುತ್ತದೆ, ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಆಗ ನಾಳದ ಪ್ರತಿ ಮಿಡಿತವೂ ಪಟ್ಟಿಯ ಗಾಳಿಯಲ್ಲಿ ಸಣ್ಣ ಅಲುಗಾಟವಾಗಿ ದಾಖಲಾಗುತ್ತದೆ. ಅಲುಗಾಟಗಳು ಕ್ರಮೇಣ ದೊಡ್ಡದಾಗಿ, ಮತ್ತೆ ಚಿಕ್ಕದಾಗುತ್ತವೆ. ಎಲ್ಲಕ್ಕಿಂತ ದೊಡ್ಡ ಅಲುಗಾಟ ಬರುವುದು ಸರಾಸರಿ ಒತ್ತಡದ ಹತ್ತಿರ. ಮೇಲಿನ, ಕೆಳಗಿನ ಸಂಖ್ಯೆಗಳನ್ನು ಮಿಷನ್ ನೇರವಾಗಿ ಅಳೆಯುವುದಿಲ್ಲ, ಈ ಏರಿಳಿತದಿಂದ ಕಂಪನಿಯ ಸೂತ್ರ ಬಳಸಿ ಲೆಕ್ಕ ಹಾಕುತ್ತದೆ. ಬಡಿತದ ಬಲವೇ ಹೆಚ್ಚು ಕಡಿಮೆಯಾದರೆ ಏರಿಳಿತ ಹಲ್ಲುಹಲ್ಲಾಗಿ, ಲೆಕ್ಕವೂ ಆಚೀಚೆಯಾಗುತ್ತದೆ. ರಷ್ಯಾದ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟ, ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ ಅಳೆಯುವ ಕ್ರಮದಲ್ಲಿಯೂ ಇದೇ ತೊಡಕು: ಮೊದಲು ಕೇಳಿಸಿದ್ದು ಜೋರಿನ ಬಡಿತವೋ ಸೋತ ಬಡಿತವೋ ಹೇಳುವುದು ಕಷ್ಟ.

ಹಾಗಂತ ಮಿಷನ್ ಎತ್ತಿ ಅಟ್ಟಕ್ಕೆ ಹಾಕಬೇಕಿಲ್ಲ. ಹಲವು ಸಲ ಅಳೆದು ಸರಾಸರಿ ತೆಗೆದರೆ ಮೇಲಿನ ಸಂಖ್ಯೆ ಸಾಕಷ್ಟು ನಂಬುವಂತೆ ಸಿಗುತ್ತದೆ. ಕೆಳಗಿನದು ಮಾತ್ರ ತುಸು ಹೆಚ್ಚು ತೋರಿಸುವುದುಂಟು. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಸುಮ್ಮನೆ ಕೂತು, ಬರಿ ತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದೊಂದು ನಿಮಿಷ ಬಿಟ್ಟು ಮೂರು ಸಲ. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಬೇಡ. ನಮ್ಮ ಅಜ್ಜಂದಿರಿಗೆ ಈ ಕೊನೆಯದೇ ಕಷ್ಟ, ಆದರೆ ಎದೆಬಡಿತ ಏರಿಸುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ. 158/92, 131/78, 146/88 ಎಂದು ಬಂದರೆ ಮೂರನ್ನೂ ಬರೆಯಬೇಕು. ಸರಾಸರಿ 145/86. ಡಾಕ್ಟರನ್ನು ಕಾಣುವ ಮೊದಲು ವಾರವಿಡೀ ಬೆಳಿಗ್ಗೆ, ಸಂಜೆ ಹೀಗೆ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ 135/85 ದಾಟಿದರೆ ಮನೆಯ ಅಳತೆಯಲ್ಲಿ ಅದು ಹೆಚ್ಚೇ.

ಮಿಷನ್ ತೋರಿಸುವ ನಾಡಿಯ ಸಂಖ್ಯೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಸೋತ ಬಡಿತಗಳು ಕೈವರೆಗೆ ತಲುಪದೆ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ಪೂರ್ತಿ ಎಣಿಸಿದಾಗ ನಿಜವಾದ ವೇಗ ತಿಳಿಯುತ್ತದೆ.

ಕೆಲವು ಮಿಷನ್‌ಗಳ ಪರದೆಯಲ್ಲಿ ಬಡಿತ ಏರುಪೇರಾದರೆ ಹೃದಯದ ಚಿಹ್ನೆ ಮಿನುಗುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಗುರುತಿಸಲೆಂದೇ ಮಾಡಿದವೂ ಇವೆ, ಅಂಥದ್ದೊಂದನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಇದುವರೆಗೆ ಲಯದೋಷ ಗೊತ್ತಿರದವರಿಗೆ ಚಿಹ್ನೆ ಮತ್ತೆಮತ್ತೆ ಬಂದರೆ ಮುಂದಿನ ಹೆಜ್ಜೆ ಇಸಿಜಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರು ಮಾಡಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ಪಟ್ಟಿಯನ್ನು ವಾಟ್ಸಾಪಿನಲ್ಲಿ ತಜ್ಞರಿಗೆ ತೋರಿಸುವ ದಾರಿ ಮಾಡಿತು. ಗುಡ್ಡ ಇಳಿದು ಬಸ್ಸು ಹಿಡಿಯಬೇಕಾದ ಊರುಗಳಿಗೆ ಇದರಷ್ಟು ಉಪಕಾರದ ಕೆಲಸ ಕಡಿಮೆ.

ಇಷ್ಟೆಲ್ಲ ಏಕೆಂದರೆ, ಅದುರುವ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ಇವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಹೆಪ್ಪು ತಡೆಯಲು ರಕ್ತ ತೆಳುವಾಗುವ ಮಾತ್ರೆ ಕೊಡುತ್ತಾರೆ. ಬಿಪಿ ಏರಿಯೇ ಇದ್ದರೆ ಅದೇ ಮಾತ್ರೆಯ ಜೊತೆ ಮೆದುಳಿನಲ್ಲಿ ರಕ್ತಸ್ರಾವದ ಭಯವೂ ಹೆಚ್ಚುತ್ತದೆ. ಬಿಟ್ಟುಹೋದ 158 ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಪುಸ್ತಕ ನೋಡಿಕೊಂಡು ಮಾತ್ರೆಯನ್ನು ನಾವೇ ಹೆಚ್ಚು ಕಡಿಮೆ ಮಾಡುವುದು ಬೇಡ, ಅದು ಡಾಕ್ಟರ ಕೆಲಸ.

ಒಂದು ಸಂದರ್ಭದಲ್ಲಿ ಮಾತ್ರ ಮಿಷನ್ ಮುಟ್ಟಲೇಬಾರದು. ಬಾಯಿ ಒಂದು ಕಡೆಗೆ ಓರೆಯಾದರೆ, ಒಂದು ಕೈಯೋ ಕಾಲೋ ಬಿದ್ದುಹೋದರೆ, ಮಾತು ತೊದಲಿದರೆ ಬಿಪಿ ನೋಡುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ, ಅದೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ.ಗೂ ಹೆಚ್ಚು ದಾರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಅದರ ಚೀಟಿಯನ್ನು ಆಂಬ್ಯುಲೆನ್ಸಿನಲ್ಲಿ ಜೊತೆಗೇ ಕಳಿಸಿ, ಇಂಜೆಕ್ಷನ್ ಕೊಡಬಹುದೇ ಎಂದು ಡಾಕ್ಟರು ತೀರ್ಮಾನಿಸುವಾಗ ಮೊದಲು ಕೇಳುವುದರಲ್ಲಿ ಅದೂ ಒಂದು.