ನೀರಿನಲ್ಲಿ ನಿಂತ ಗಿಡ ಬಾಡುವುದೇಕೆ?

ಜುಲೈ ತಿಂಗಳಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆ ನಿಂತು ಬಿಸಿಲು ಬಂದಾಗ, ತಗ್ಗಿನ ಪಪ್ಪಾಯಿ ತೋಟಗಳಲ್ಲಿ ವಿಚಿತ್ರವೊಂದು ಕಾಣುತ್ತದೆ. ಬುಡದಲ್ಲಿ ಇನ್ನೂ ನೀರು ನಿಂತಿರುತ್ತದೆ, ಆದರೆ ಮೇಲಿನ ಎಲೆಗಳು ಬೇಸಿಗೆಯಲ್ಲಿ ನೀರು ಸಿಗದೆ ಸೊರಗಿದಂತೆ ಜೋತುಬಿದ್ದಿರುತ್ತವೆ. ಕೆಳಗಿನ ಎಲೆಗಳು ಹಳದಿಗೆ ತಿರುಗಿ ಒಂದೊಂದಾಗಿ ಉದುರುತ್ತವೆ. ಪಪ್ಪಾಯಿಯ ಬೇರು ಎರಡು ದಿನ ನಿಂತ ನೀರಿನಲ್ಲಿ ಮುಳುಗಿದರೆ ಸಾಕು, ಗಿಡ ಮತ್ತೆ ಏಳಲಾರದಷ್ಟು ಪೆಟ್ಟು ತಿನ್ನಬಹುದು. ಬೆಣ್ಣೆಹಣ್ಣು, ಹಲಸಿನ ಎಳೆಯ ಗಿಡಗಳಿಗೂ ನಿಂತ ನೀರು ಆಗಿಬರುವುದಿಲ್ಲ.

ಇಲ್ಲಿ ಗಿಡವನ್ನು ಕೊಲ್ಲುವುದು ನೀರಲ್ಲ, ಗಾಳಿಯ ಕೊರತೆ.

ಒಳ್ಳೆಯ ತೋಟದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾಗ ಬರೀ ಸಂದುಗಳು. ಅವುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರುತ್ತದೆ. ಬೇರುಗಳು ಹಗಲೂ ರಾತ್ರಿ ಉಸಿರಾಡುವುದು ಈ ಗಾಳಿಯಿಂದಲೇ. ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ದಾರಿ ಮುಚ್ಚಿಹೋಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು 8 ಮಿಲಿಗ್ರಾಂ ಮಾತ್ರ. ಅದಕ್ಕಿಂತ ದೊಡ್ಡ ತೊಡಕು ವೇಗದ್ದು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಇದ್ದಷ್ಟನ್ನು ಬೇರೂ ಮಣ್ಣಿನ ಸೂಕ್ಷ್ಮಜೀವಿಗಳೂ ಬೇಗನೆ ಬಳಸಿ ಮುಗಿಸುತ್ತವೆ, ಹೊಸದು ಬಂದು ಸೇರುವುದಿಲ್ಲ. ಹರಿಯುವ ನೀರಿಗಿಂತ ನಿಂತ ನೀರು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ಉಷ್ಣವಲಯದ ಗಿಡಗಳಿಗೆ ಈ ಪೆಟ್ಟು ಇನ್ನೂ ಜೋರು. ಚಳಿಯ ದೇಶಗಳಲ್ಲಿ ಎಲೆ ಉದುರಿಸಿ ನಿದ್ರಿಸುವ ಹಣ್ಣಿನ ಮರಗಳ ಬೇರಿಗೆ ಚಳಿಗಾಲದಲ್ಲಿ ಹೆಚ್ಚು ಉಸಿರು ಬೇಕಿಲ್ಲ. ನಮ್ಮ ಮಾವು, ಹಲಸು, ಪಪ್ಪಾಯಿಗೆ ಅಂಥ ನಿದ್ರೆಯಿಲ್ಲ. ಮಣ್ಣು ಹತ್ತು ಡಿಗ್ರಿ ಹೆಚ್ಚು ಬೆಚ್ಚಗಾದರೆ ಬೇರಿನ ಉಸಿರಾಟ ಸುಮಾರಾಗಿ ಇಮ್ಮಡಿಯಾಗುತ್ತದೆ. ಅದೇ ಹೊತ್ತಿಗೆ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ.

ಉಸಿರು ಕಟ್ಟಿದ ಬೇರಿನ ಜೀವಕೋಶ ಸಕ್ಕರೆಯನ್ನು ಹುದುಗಿಸಿ ಬದುಕಲು ನೋಡುತ್ತದೆ. ಗಾಳಿಯಿದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುಗಳು ಸುಮಾರು 30 ಸಿಗುತ್ತಿದ್ದರೆ, ಹುದುಗಿಸಿದಾಗ ಸಿಗುವುದು ಕೇವಲ 2. ಎಳೆಯ ಗಿಡ ಕೂಡಿಟ್ಟ ಪಿಷ್ಟವೇ ಕಡಿಮೆ, ಅದೂ ಬೇಗ ಕರಗುತ್ತದೆ. ಜೊತೆಗೆ ಜೀವಕೋಶದ ಒಳಗೆ ಆಮ್ಲತೆ ಏರುತ್ತದೆ. ಗಿಡ ನೀರಿನಲ್ಲೇ ಬಾಡುವುದಕ್ಕೆ ಕಾರಣ ಸಿಗುವುದು ಇಲ್ಲಿ. ಬೇರಿನ ಜೀವಕೋಶಗಳ ಪೊರೆಯಲ್ಲಿ ನೀರು ಒಳನುಗ್ಗಲೆಂದೇ ಇರುವ ಪ್ರೋಟೀನ್ ಬಾಗಿಲುಗಳಿವೆ, ಹೆಸರು ಅಕ್ವಾಪೊರಿನ್. ಒಳಗಿನ ಆಮ್ಲತೆ ಏರಿದಾಗ ಈ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ ಎಂಬುದನ್ನು ಫ್ರಾನ್ಸಿನ ಮಾಂಪೆಲಿಯೆಯ ವಿಜ್ಞಾನಿಗಳು 2003ರಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ತೋರಿಸಿದರು. ಸುತ್ತ ನೀರಿದ್ದರೂ ಅದು ಎಲೆಗೆ ಏರುವುದಿಲ್ಲ. ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಆಹಾರ ತಯಾರಿಕೆಯೂ ಕುಸಿಯುತ್ತದೆ. ಬಾಡಿದ ಎಲೆ ಕಂಡು ಮತ್ತಷ್ಟು ನೀರು ಹಾಯಿಸಿದರೆ ಗಿಡದ ಸಾವು ಹತ್ತಿರವಾಗುತ್ತದೆ.

ಇತ್ತ ಮಣ್ಣೂ ಬದಲಾಗುತ್ತಿರುತ್ತದೆ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟನ್ನು, ನಂತರ ಮ್ಯಾಂಗನೀಸ್, ಕಬ್ಬಿಣದ ಸಂಯುಕ್ತಗಳನ್ನು, ಕೊನೆಗೆ ಸಲ್ಫೇಟನ್ನು ಉಸಿರಾಟಕ್ಕೆ ಬಳಸತೊಡಗುತ್ತವೆ. ಗಿಡಕ್ಕೆ ಹಾಕಿದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಅಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬೇರಿಗೆ ವಿಷವಾಗುವ ಹೈಡ್ರೋಜನ್ ಸಲ್ಫೈಡ್ ಅಲ್ಲಿದೆ ಎಂದು ತಿಳಿಯಬೇಕು.

ಇಂಥ ಹೊತ್ತಿಗೇ ಹೊಂಚುಹಾಕುವ ಶತ್ರು ಫೈಟಾಫ್ತೊರ ಎಂಬ ರೋಗಾಣು ಕುಲ. ಕರ್ನಾಟಕದ ಅಡಿಕೆ ಬೆಳೆಗಾರರಿಗೆ ಈ ಕುಲ ಹೊಸದಲ್ಲ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗುರೋಗ ಎರಡೂ ಇದರದೇ ಕೆಲಸ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ವಿಸ್ತಾರವಾಗಿ ಬರೆದಿದ್ದರು. ಶಿಲೀಂಧ್ರದಂತೆ ಕಂಡರೂ ಫೈಟಾಫ್ತೊರ ನಿಜವಾದ ಶಿಲೀಂಧ್ರವಲ್ಲ. ಇದರ ಬೀಜಕಣಗಳು ಎರಡು ಬಾಲಗಳಿಂದ ನೀರಿನಲ್ಲಿ ಈಜಬಲ್ಲವು. ಉಸಿರುಗಟ್ಟಿದ ಬೇರು ಹೊರಬಿಡುವ ಎಥನಾಲ್ ಅವುಗಳನ್ನು ಸೆಳೆಯುತ್ತದೆ. 1922ರಲ್ಲಿ ಸುಮಾತ್ರಾದ ದಾಲ್ಚಿನ್ನಿ ಮರಗಳಿಂದ ಗುರುತಿಸಲಾದ ಫೈಟಾಫ್ತೊರ ಸಿನ್ನಮೊಮಿ ಇಂದು ಜಗತ್ತಿನ ಬೆಣ್ಣೆಹಣ್ಣಿನ ತೋಟಗಳಿಗೆ ದೊಡ್ಡ ಪಿಡುಗು.

ಎಲ್ಲ ಗಿಡಗಳೂ ಒಂದೇ ಸಮ ಸೋಲುವುದಿಲ್ಲ. ಸೀಬೆ, ಸಪೋಟ ಸ್ವಲ್ಪ ದಿನ ತಾಳಿಕೊಳ್ಳುತ್ತವೆ. ಮಾವಿನದು ಇನ್ನೊಂದು ಬಗೆ. ನೀರಿನಲ್ಲಿ ನಿಂತ ಕೆಲವು ಮಾವಿನ ಸಸಿಗಳ ಕಾಂಡದಲ್ಲಿ, ನೀರಿನ ಮಟ್ಟದ ಬಳಿ, ತೊಗಟೆಯ ಉಸಿರುಕಂಡಿಗಳು ಬಿಳಿಯ ಗುಳ್ಳೆಗಳಂತೆ ಉಬ್ಬುತ್ತವೆ. ಹಾಗೆ ಉಬ್ಬಿದ ಸಸಿಗಳು ಬದುಕಿದವು, ಆ ಗುಳ್ಳೆಗಳಿಗೆ ವ್ಯಾಸಲೀನ್‌ನಂಥ ಜಿಡ್ಡು ಬಳಿದು ಮುಚ್ಚಿದಾಗ ಸತ್ತವು ಎಂದು ಫ್ಲಾರಿಡಾದ ಸಂಶೋಧಕರು 1991ರಲ್ಲಿ ವರದಿ ಮಾಡಿದರು. ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೆಳೆಯುವ, ಸೀತಾಫಲದ ಕುಲಕ್ಕೇ ಸೇರಿದ ಪಾಂಡ್ ಆಪಲ್ ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲಬಲ್ಲದು. ಅದಕ್ಕಾಗಿಯೇ ಅದನ್ನು ಸೀತಾಫಲ ಜಾತಿಯ ಗಿಡಗಳಿಗೆ ಬೇರುಸಸಿಯಾಗಿ ಪರೀಕ್ಷಿಸಿದ್ದಾರೆ.

ನಮ್ಮಲ್ಲಿ ಎಷ್ಟೋ ಕಡೆ ತೊಂದರೆ ಶುರುವಾಗುವುದು ನಾಟಿಯ ಗುಂಡಿಯಿಂದಲೇ. ಕರಾವಳಿಯ ಮುರಕಲ್ಲು ನೆಲದಲ್ಲಿ, ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಮೂರಡಿ ಆಳದ ಗುಂಡಿ ತೆಗೆದು ಸಡಿಲ ಮಣ್ಣು, ಗೊಬ್ಬರ ತುಂಬಿ ಸಸಿ ನೆಡುವುದು ರೂಢಿ. ಸುತ್ತಲ ನೆಲ ನೀರನ್ನು ಹೀರದಿದ್ದರೆ ಆ ಗುಂಡಿ ತಳಕ್ಕೆ ತೂತಿಲ್ಲದ ಹೂಕುಂಡವಾಗುತ್ತದೆ. ದೊಡ್ಡ ಮರಕ್ಕಾದರೆ ಆಚೀಚೆಯ ದಿಬ್ಬದಲ್ಲೂ ಬೇರುಗಳಿರುತ್ತವೆ. ಸಸಿಯ ಬೇರೆಲ್ಲ ಆ ಗುಂಡಿಯೊಳಗೇ ಇರುತ್ತದೆ.

ಬೇರನ್ನು ನೀರಿಗಿಂತ ಮೇಲಿಡುವುದೇ ಇದಕ್ಕೆ ಪರಿಹಾರ. ಥಾಯ್ಲೆಂಡಿನ ಚಾವ್ ಫ್ರಾಯಾ ನದಿಯ ಮುಖಜಭೂಮಿಯ ರೈತರು ಕಾಲುವೆ ತೋಡಿ, ಅದೇ ಮಣ್ಣನ್ನು ಏರಿಯಾಗಿ ಪೇರಿಸಿ, ಏರಿಯ ಮೇಲೆ ಡ್ಯೂರಿಯನ್, ಮಾವು ಬೆಳೆಸುತ್ತ ಬಂದಿದ್ದಾರೆ. 2011ರ ಮಹಾಪ್ರವಾಹ ಆ ಏರಿಗಳನ್ನೂ ಮೀರಿದಾಗ ನೊಂಥಬುರಿಯ ಹೆಸರುವಾಸಿ ಡ್ಯೂರಿಯನ್ ತೋಟಗಳು ನಾಶವಾದವು. ಪ್ರವಾಹವನ್ನು ತಡೆಯಲಾಗದಿದ್ದರೂ ಪ್ರತಿವರ್ಷದ ಮಳೆಯಿಂದ ಬೇರನ್ನು ಕಾಯಲು ಈ ವಿಧಾನ ಸಾಕು. ಮಲೆನಾಡಿನ ಅಡಿಕೆ ತೋಟದ ಬಸಿಗಾಲುವೆಯ ಕೆಲಸವೂ ಅದೇ.

ಹೊಸದಾಗಿ ಹಣ್ಣಿನ ಗಿಡ ಇಡುವವರು ಮೊದಲು ಗುಂಡಿಗೆ ಸಂಜೆ ನೀರು ತುಂಬಿಸಿ ನೋಡಬೇಕು. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯ ಬದಲು ಒಂದೂವರೆ, ಎರಡು ಅಡಿ ಎತ್ತರದ ದಿಬ್ಬ ಮಾಡಿ, ಇಳಿಜಾರಿನತ್ತ ಕಾಲುವೆ ತೆಗೆದು ನೆಡುವುದು ಕ್ಷೇಮ. ನೀರು ನಿಂತಾಗಿದ್ದರೆ ಮೊದಲು ಅದನ್ನು ಬಸಿಯಬೇಕು. ಹಸಿ ಮಣ್ಣನ್ನು ತುಳಿಯಬಾರದು, ಹೊಸ ಚಿಗುರು ಕಾಣುವವರೆಗೆ ರಸಗೊಬ್ಬರ ಹಾಕಬಾರದು. ಮಳೆ ವಿಪರೀತವಿರುವ ಕಡೆ ನಾಟಿಯನ್ನು ಜೂನ್‌ನಲ್ಲಿ ಮಾಡದೆ, ಮಳೆಯ ಅಬ್ಬರ ಇಳಿದ ಆಗಸ್ಟ್ ಕೊನೆ, ಸೆಪ್ಟೆಂಬರ್‌ಗೆ ಇಟ್ಟುಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ನೀರು, ನೆರಳು ಕೊಟ್ಟು ಸಾಕಿದರೆ, ಮುಂದಿನ ಮುಂಗಾರಿನ ಹೊತ್ತಿಗೆ ಸಸಿಯ ಬೇರು ದಿಬ್ಬದ ತುಂಬ ಹರಡಿರುತ್ತದೆ.