ಚಿನ್ನದ ಮುಲಾಮು: ಮನೆಯಲ್ಲಿ ಮಾಡತಕ್ಕದ್ದೂ ಮಾಡಬಾರದ್ದೂ

ಶಾಲೆಗೆ ಬಂದುಹೋಗುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಬಣ್ಣ ಮಾಸಿದ ಹಿತ್ತಾಳೆಯ ಬಳೆಗಾಗಲಿ ಬೆಳ್ಳಿಯ ಓಲೆಗಾಗಲಿ ವಿದ್ಯುಚ್ಛಕ್ತಿಯ ಸಹಾಯದಿಂದ ಚಿನ್ನದ ಮುಲಾಮನ್ನು ಮನೆಯಲ್ಲಿಯೇ ಹಾಕಿಕೊಳ್ಳಬಹುದೇ ಎಂಬುದೇ ಆ ಪ್ರಶ್ನೆ. ಈ ಕೆಲಸದ ತತ್ವವು ಸುಲಭವಾದುದು, ಪ್ರೌಢಶಾಲೆಯ ಪಾಠದಲ್ಲಿಯೇ ಬರುವಂಥದು. ಆದರೆ ಅದಕ್ಕೆ ರೂಢಿಯಾಗಿ ಬಳಸುವ ದ್ರವವು ಒಂದು ಮನೆಯ ದೀಪವನ್ನೇ ಆರಿಸಬಲ್ಲದು. ಇವೆರಡನ್ನೂ ತಾಯಂದಿರು ಚೆನ್ನಾಗಿ ಅರಿತಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದೆ.

ಪೂರ್ವಕಾಲದಲ್ಲಿ ಚಿನ್ನವನ್ನು ಪಾದರಸದೊಡನೆ ಬೆರೆಸಿ, ಆ ಮಿಶ್ರಣವನ್ನು ವಸ್ತುವಿನ ಮೇಲೆ ಬಳಿದು, ಬೆಂಕಿಯಲ್ಲಿ ಕಾಸುತ್ತಿದ್ದರು. ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುತ್ತಿತ್ತು. ಆದರೆ ಆ ಆವಿಯನ್ನು ಸೇವಿಸಿದ ಕೆಲಸಗಾರರು ನಡುಕ ಮೊದಲಾದ ನರರೋಗಗಳಿಗೆ ತುತ್ತಾಗುತ್ತಿದ್ದರು. 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಎಡೆಬಿಡದೆ ವಿದ್ಯುತ್ತನ್ನು ಕೊಡುವ ಕೋಶಮಾಲೆಯನ್ನು ಪ್ರಕಟಿಸಿದನು. 1805ರಲ್ಲಿ ಅವನ ಸ್ನೇಹಿತನಾದ ಬ್ರುಗ್ನಟೆಲ್ಲಿಯು ಅದರ ನೆರವಿನಿಂದ ಎರಡು ದೊಡ್ಡ ಬೆಳ್ಳಿಯ ಪದಕಗಳಿಗೆ ಚಿನ್ನವನ್ನು ಲೇಪಿಸಿದನು. ಆದರೂ ಈ ವಿದ್ಯೆಯು ವ್ಯಾಪಾರಕ್ಕೆ ಬಂದದ್ದು 1840ರಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ರೈಟ್ ಎಂಬ ವೈದ್ಯನು ಪೊಟಾಸಿಯಂ ಸಯನೈಡಿನ ದ್ರವದಲ್ಲಿ ಲೇಪವು ಗಟ್ಟಿಯಾಗಿ ಕೂರುವುದೆಂದು ಕಂಡುಕೊಂಡನು. ಎಲ್ಕಿಂಗ್‌ಟನ್ ಮನೆತನದವರು ಅದರ ಹಕ್ಕನ್ನು ಪಡೆದು ಕಾರ್ಖಾನೆಯನ್ನು ನಡಿಸಿದರು.

ಕೆಲಸವು ನಡೆಯುವ ಬಗೆ ಹೀಗಿದೆ. ಚಿನ್ನದ ಲವಣವು ಕರಗಿರುವ ದ್ರವದಲ್ಲಿ ವಸ್ತುವನ್ನು ಮುಳುಗಿಸಿ, ಅದನ್ನು ವಿದ್ಯುತ್ಕೋಶದ ಋಣಧ್ರುವಕ್ಕೆ ಜೋಡಿಸುತ್ತಾರೆ. ಧನಧ್ರುವಕ್ಕೆ ಬೇರೊಂದು ಲೋಹದ ತಗಡನ್ನು ಜೋಡಿಸಿ ಅದನ್ನೂ ದ್ರವದಲ್ಲಿ ಇಳಿಸುತ್ತಾರೆ. ಸಯನೈಡಿನೊಡನೆ ಹೆಣೆದುಕೊಂಡಿರುವ ಚಿನ್ನದ ಕಣವು ವಸ್ತುವಿನ ಮೈಯನ್ನು ಸೇರಿದಾಗ ಅಲ್ಲಿ ಎಲೆಕ್ಟ್ರಾನನ್ನು ಪಡೆದು, ಸಯನೈಡಿನ ಸಂಗವನ್ನು ಬಿಟ್ಟು, ಲೋಹವಾಗಿ ಅಂಟಿಕೊಳ್ಳುತ್ತದೆ. ಸಯನೈಡು ಚಿನ್ನವನ್ನು ಬಿಗಿಯಾಗಿ ಹಿಡಿದುಕೊಂಡು ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಲೇಪವು ನಯವಾಗಿ ಬರುವುದು. ಕೋಲಾರದ ಗಣಿಗಳಲ್ಲಿ, ಅವು 2001ರಲ್ಲಿ ಮುಚ್ಚುವವರೆಗೂ, ಪುಡಿಮಾಡಿದ ಕಲ್ಲಿನಿಂದ ಚಿನ್ನವನ್ನು ಸೆಳೆಯಲು ಉಪಯೋಗಿಸುತ್ತಿದ್ದದ್ದು ಸಯನೈಡಿನ ಈ ಗುಣವನ್ನೇ.

ಎಷ್ಟು ವಿದ್ಯುತ್ತು ಹರಿದರೆ ಎಷ್ಟು ಲೋಹ ಕೂರುವುದೆಂಬ ನಿಯಮವನ್ನು 1833–34ರಲ್ಲಿ ಮೈಕೇಲ್ ಫ್ಯಾರಡೆಯು ತಿಳಿಸಿದನು. ಅದರಂತೆ ಒಂದು ಆಂಪಿಯರ್ ಪ್ರವಾಹವು ಒಂದು ಗಂಟೆ ಹರಿದರೆ ಈ ದ್ರವದಿಂದ ಹೆಚ್ಚೆಂದರೆ 7.35 ಗ್ರಾಂ ಚಿನ್ನ ಕೂರುತ್ತದೆ. ಆದರೆ ಆಭರಣಕ್ಕೆ ಬೇಕಾದದ್ದು ಬಹು ಸ್ವಲ್ಪ. ಒಂದು ಬಳೆಯ ಮೈ 50 ಚದರ ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಅದರ ಮೇಲೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ದಪ್ಪ ಲೇಪಿಸಲು ಬೇಕಾಗುವ ಚಿನ್ನ ಸುಮಾರು 97 ಮಿಲಿಗ್ರಾಂ. ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ. ಅಗ್ಗದ ಮುಲಾಮು ಇದರ ಹತ್ತನೆಯ ಒಂದು ಪಾಲಿನಷ್ಟೂ ದಪ್ಪವಿರದೆ ಇರಬಹುದು. ಅದು ಬೇಗನೆ ಸವೆಯುವುದರಲ್ಲಿ ಆಶ್ಚರ್ಯವೇನು? ಇದಲ್ಲದೆ ಹಿತ್ತಾಳೆಯ ಮೇಲೆ ನೇರವಾಗಿ ಹಾಕಿದ ತೆಳು ಚಿನ್ನದೊಳಗೆ ತಾಮ್ರದ ಅಂಶವು ಮೆಲ್ಲಮೆಲ್ಲನೆ ನುಸುಳಿ ಬಣ್ಣವನ್ನು ಕೆಡಿಸುತ್ತದೆ. ಇದನ್ನು ತಡೆಯಲು ನಡುವೆ ನಿಕ್ಕಲಿನ ಪದರವನ್ನು ಹಾಕುವುದುಂಟು. ಚಿನ್ನ ಸವೆದು ನಿಕ್ಕಲು ಚರ್ಮಕ್ಕೆ ತಗಲಿದಾಗ ಕೆಲವರಿಗೆ ಕಿವಿಯಲ್ಲಿ ತುರಿಕೆಯೂ ಹುಣ್ಣೂ ಉಂಟಾಗುತ್ತವೆ.

ಇನ್ನು ಅಪಾಯದ ವಿಷಯ. ಪೊಟಾಸಿಯಂ ಸಯನೈಡು ಕಾಲು ಗ್ರಾಮಿನಷ್ಟು ಹೊಟ್ಟೆಗೆ ಸೇರಿದರೂ ಮನುಷ್ಯನ ಪ್ರಾಣ ಹೋಗಬಹುದು. ದೇಹದ ಜೀವಕೋಶಗಳು ಆಮ್ಲಜನಕವನ್ನು ಉಪಯೋಗಿಸದಂತೆ ಅದು ತಡೆಯುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕೇಡು ಕಾದಿದೆ. ಹಿತ್ತಾಳೆಯನ್ನು ಬೆಳಗಲು ನಾವೆಲ್ಲರೂ ಹುಣಸೆಹಣ್ಣನ್ನೋ ನಿಂಬೆಹಣ್ಣನ್ನೋ ತೆಗೆದುಕೊಳ್ಳುತ್ತೇವೆ. ಮುಲಾಮು ಹಾಕುವ ಮುಂಚೆ ವಸ್ತುವನ್ನು ಬೆಳಗಬೇಕಾದದ್ದೂ ನಿಜ. ಆದರೆ ಸಯನೈಡಿನ ದ್ರವಕ್ಕೆ ಹುಳಿ ಬೆರೆತರೆ ಅದರಿಂದ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲವು ಏಳುತ್ತದೆ. ಅದಕ್ಕೆ ಕಹಿಬಾದಾಮಿಯ ವಾಸನೆಯುಂಟೆಂದು ಹೇಳುತ್ತಾರೆ. ಆದರೆ ಹುಟ್ಟಿನಿಂದಲೇ ಆ ವಾಸನೆಯನ್ನು ಗ್ರಹಿಸಲಾರದವರು ಅನೇಕರಿದ್ದಾರೆ. ಆದುದರಿಂದ ಮೂಗನ್ನು ನಂಬಿ ಕೂರುವಂತಿಲ್ಲ. ಉಳಿದ ದ್ರವವನ್ನು ಬಚ್ಚಲಿಗೆ ಚೆಲ್ಲಿದರೆ ಅದು ಹಿತ್ತಲಿನ ಬಾವಿಯನ್ನು ಸೇರಬಹುದು. ಸಯನೈಡಿಲ್ಲದ, ಸಲ್ಫೈಟ್ ಎಂಬ ಲವಣದ ದ್ರವಗಳೂ ಈಗ ದೊರೆಯುತ್ತವೆ. ಅವುಗಳ ಅಪಾಯ ಕಡಿಮೆಯೇ ಹೊರತು ಇಲ್ಲವೆಂದಲ್ಲ. ಡಬ್ಬಿಯ ಮೇಲಿನ ಹೆಸರನ್ನು ಓದದೆ ಯಾವುದನ್ನೂ ಮನೆಯೊಳಗೆ ತರಬಾರದು.

ಮಕ್ಕಳಿಗೆ ಈ ತತ್ವವನ್ನು ತೋರಿಸಬೇಕಾದರೆ ಚಿನ್ನವೇ ಬೇಕೆಂದಿಲ್ಲ. ಅಡಿಕೆಯ ತೋಟದವರಿಗೆಲ್ಲ ಮೈಲುತುತ್ತ ಗೊತ್ತು. ಅದು ತಾಮ್ರದ ಲವಣ. ಅಡಿಗೆಗೆ ಎಂದೂ ಬಳಸದ ಗಾಜಿನ ಪಾತ್ರೆಯಲ್ಲಿ ನೀರು ಹಾಕಿ, ನೀಲಿ ಬಣ್ಣ ಬರುವಷ್ಟು ಮೈಲುತುತ್ತವನ್ನು ಕರಗಿಸಿರಿ. ಒಂದೂವರೆ ವೋಲ್ಟಿನ ಟಾರ್ಚಿನ ಸೆಲ್ಲಿನ ಧನಧ್ರುವಕ್ಕೆ ತಾಮ್ರದ ಪಟ್ಟಿಯನ್ನೂ ಋಣಧ್ರುವಕ್ಕೆ ಚೆನ್ನಾಗಿ ಬೆಳಗಿ ತೊಳೆದ ಹಿತ್ತಾಳೆಯ ಬೀಗದ ಕೈಯನ್ನೂ ಜೋಡಿಸಿ, ಒಂದಕ್ಕೊಂದು ತಗಲದಂತೆ ಇಳಿಬಿಡಿರಿ. ಕೆಲವು ನಿಮಿಷಗಳಲ್ಲಿ ಬೀಗದ ಕೈ ಕೆಂಪಾಗುವುದು. ಮೈಲುತುತ್ತವೂ ವಿಷವೇ ಆದುದರಿಂದ ಹಿರಿಯರು ಜೊತೆಯಲ್ಲಿರಬೇಕು, ಕೈಗವಸನ್ನು ತೊಡಬೇಕು, ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ದ್ರವವನ್ನು ಕೆರೆಗೂ ಬಾವಿಗೂ ಸುರಿಯಬಾರದು.

ಬಳಿಕ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದರೆ, ಕೂತ ತಾಮ್ರವು ಬೀಗದ ಕೈಯನ್ನು ಬಿಟ್ಟು ಹಿಂದಿರುಗುವುದನ್ನೂ ಮಕ್ಕಳು ನೋಡುವರು. ಇದರಲ್ಲಿ ದೊಡ್ಡವರಿಗೂ ಒಂದು ಪಾಠವಿದೆ. ಲೋಹವನ್ನು ಕೂರಿಸಬಲ್ಲ ವಿದ್ಯೆಯು ಲೋಹವನ್ನು ತೆಗೆಯಲೂ ಬಲ್ಲದು. ಒಡವೆಗೆ ಹೊಳಪು ಕೊಡುತ್ತೇವೆಂದು ಮನೆಯ ಬಾಗಿಲಿಗೆ ಬಂದು, ಸರವನ್ನು ಯಾವುದೋ ದ್ರವದಲ್ಲಿ ಅದ್ದಿ ಕೊಡುವ ಅಪರಿಚಿತರು ನಮ್ಮ ಕಣ್ಣೆದುರಿನಲ್ಲಿಯೇ ಚಿನ್ನವನ್ನು ಕರಗಿಸಿಕೊಂಡು ಹೋಗಬಲ್ಲರು. ಸರವು ಥಳಥಳಿಸುತ್ತದೆ; ತೂಕ ಮಾತ್ರ ಇಳಿದಿರುತ್ತದೆ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನನ್ನ ಬುದ್ಧಿಮಾತು ಇಷ್ಟೇ. ತಾಮ್ರದ ಪ್ರಯೋಗವನ್ನು ಮನೆಯಲ್ಲಿ ಮಾಡಿ ಮಕ್ಕಳ ತಿಳುವಳಿಕೆಯನ್ನು ಬೆಳೆಸಿರಿ. ಚಿನ್ನದ ಮುಲಾಮನ್ನು, ಗಾಳಿಯಾಡುವ ಕೋಣೆಯೂ ತಕ್ಕ ಸಲಕರಣೆಯೂ ಉಳ್ಳ ಅನುಭವಸ್ಥರಿಂದಲೇ ಹಾಕಿಸಿರಿ. ಎಷ್ಟು ಮೈಕ್ರಾನ್ ದಪ್ಪ, ಒಳಗೆ ನಿಕ್ಕಲು ಉಂಟೋ ಇಲ್ಲವೋ ಎಂದು ಮೊದಲೇ ಕೇಳಿರಿ. ಮುಲಾಮಿನ ಒಡವೆಯನ್ನು ತೊಡುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅದನ್ನು ಅಪ್ಪಟ ಚಿನ್ನವೆಂದು ಹೇಳಿ ಮಾರುವುದಾಗಲಿ ಮದುವೆಯಲ್ಲಿ ಕೊಡುವುದಾಗಲಿ ಮೋಸವೇ ಸರಿ. ಹೊಳಪಿನ ಕೆಳಗೆ ಏನಿದೆಯೆಂದು ವಿಚಾರಿಸುವ ಅಭ್ಯಾಸವನ್ನು ನಮ್ಮ ಹೆಣ್ಣುಮಕ್ಕಳು ರೂಢಿಸಿಕೊಂಡರೆ, ವಿಜ್ಞಾನದ ಪಾಠವು ಅವರ ಬಾಳಿಗೆ ಉಪಯೋಗಕ್ಕೆ ಬಂದಂತಾಯಿತು.