ಮನೆಗೆ ಬರುವ ಬಾಲಪಾಠ

ಬಡಮಕ್ಕಳಿಗೆ ಹೊಟ್ಟೆತುಂಬ ಅನ್ನವಿತ್ತರೆ ಸಾಲದೇ ಎಂದು ಕೇಳುವವರುಂಟು. ಅನ್ನ ಬೇಕೇ ಬೇಕು. ಆದರೆ ಅದೊಂದೇ ಸಾಲದೆಂಬುದಕ್ಕೆ ಜಮೈಕಾ ದ್ವೀಪದ ನಿದರ್ಶನವೊಂದನ್ನು ವಾಚಕರ ಮುಂದಿಡುವೆವು.

1986–87ರಲ್ಲಿ ಅಲ್ಲಿಯ ಕಿಂಗ್‌ಸ್ಟನ್ ನಗರದ ಬಡಕೇರಿಗಳಲ್ಲಿ, ಬೆಳವಣಿಗೆ ಕುಂದಿದ್ದ 129 ಎಳೆಯ ಮಕ್ಕಳನ್ನು ಸ್ಯಾಲಿ ಗ್ರ್ಯಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಆರಿಸಿಕೊಂಡರು. ಕೆಲವರಿಗೆ ಪುಷ್ಟಿಕರವಾದ ಹಾಲಿನ ಆಹಾರ ದೊರೆಯಿತು; ಕೆಲವರ ಮನೆಗೆ ಆರೋಗ್ಯ ಸೇವಕಿಯು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕಾಲ, ಮಗುವಿನೊಡನೆ ಆಡುವ ಮಾತನಾಡುವ ಬಗೆಯನ್ನು ತಾಯಿಗೆ ತೋರಿಸಿದಳು; ಕೆಲವರಿಗೆ ಎರಡೂ ದೊರೆತವು; ಉಳಿದವರಿಗೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷಗಳ ತರುವಾಯ ನೋಡಲಾಗಿ, ಆಟಪಾಠ ದೊರೆತವರ ಸಂಪಾದನೆಯು ದೊರೆಯದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿದ್ದಿತು. ಆಹಾರವೊಂದರ ಫಲ ಅಷ್ಟು ಕಾಲ ನಿಲ್ಲಲಿಲ್ಲ.

ಇದರ ಮರ್ಮವು ತಾಯಿಯ ಕೈಯಲ್ಲಿದೆ. ಸೇವಕಿಯು ತಾನೇ ಮಗುವನ್ನಾಡಿಸಿ ಹೊರಟರೆ ಪಾಠ ಅಲ್ಲಿಗೇ ಮುಗಿಯಿತು. ತಾಯಿಯಿಂದ ಆಡಿಸಿದರೆ ಅದು ವಾರವೆಲ್ಲ ಮನೆಯಲ್ಲಿಯೇ ಉಳಿಯುವುದು. ಆಟಿಕೆಗೆ ಹಣವೂ ಬೇಕಿಲ್ಲ. ಅಲ್ಲಿ ಹಳೆಯ ಸಾಮಾನುಗಳಿಂದಲೇ ಅವನ್ನು ಮಾಡಿದ್ದರು.

ನಮ್ಮಲ್ಲಿಯೂ 1975ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗುವರು. ಅವರ ಭೇಟಿಯು ತೂಕ, ಲೆಕ್ಕಗಳಲ್ಲಿಯೇ ತೀರದಂತೆ ಅವರಿಗೆ ಬಿಡುವನ್ನೂ ತಕ್ಕ ಶಿಕ್ಷಣವನ್ನೂ ಒದಗಿಸತಕ್ಕದ್ದು. ಎಳವೆಯು ಯಾರಿಗಾಗಿಯೂ ಕಾಯುವುದಿಲ್ಲವಷ್ಟೆ.